ಸಿನ್ನಾ (ಹಂಗರ್ ಗೇಮ್ಸ್ ಪಾತ್ರ)

ಸಿನ್ನಾ ಅಮೆರಿಕದ ಲೇಖಕಿ ಸುಜಾನ್ ಕಾಲಿನ್ಸ್ ಅವರು ಹದಿಹರೆಯದ ಓದುಗರಿಗಾಗಿ ಬರೆದ 'ದಿ ಹಂಗರ್ ಗೇಮ್ಸ್' ಕಾದಂಬರಿ ಸರಣಿಯ ಒಂದು ಪೋಷಕ ಪಾತ್ರ. ಇವನು ಕಥಾನಾಯಕಿ ಕ್ಯಾಟ್ನಿಸ್ ಎವರ್‌ಡೀನ್‌ಳ ವಸ್ತ್ರವಿನ್ಯಾಸಕ. 2008ರ 'ದಿ ಹಂಗರ್ ಗೇಮ್ಸ್' ಮತ್ತು 2009ರ 'ಕ್ಯಾಚಿಂಗ್ ಫೈರ್' ಕಾದಂಬರಿಗಳಲ್ಲಿ ಈ ಪಾತ್ರವು ನೇರವಾಗಿ ಕಾಣಿಸಿಕೊಳ್ಳುತ್ತದೆ. 2010ರ 'ಮಾಕಿಂಗ್‌ಜೇ'ಯಲ್ಲಿ ಇವನು ಬಿಟ್ಟುಹೋದ ವಿನ್ಯಾಸಗಳು ಕಥೆಯನ್ನು ಮುನ್ನಡೆಸುತ್ತವೆ.

ಹಿನ್ನೆಲೆ

ಕಥೆಯು ಭವಿಷ್ಯದ ಉತ್ತರ ಅಮೆರಿಕದಲ್ಲಿರುವ ಪನೆಮ್ ಎಂಬ ದೇಶದಲ್ಲಿ ನಡೆಯುತ್ತದೆ. ಅಲ್ಲಿನ ರಾಜಧಾನಿ ಕ್ಯಾಪಿಟಲ್, ತನ್ನ ಅಧೀನದ 12 ಜಿಲ್ಲೆಗಳಿಂದ ಪ್ರತಿವರ್ಷ ತಲಾ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯನ್ನು ಆಯ್ದು, ಒಬ್ಬರೇ ಉಳಿಯುವವರೆಗೆ ಕಾದಾಡಿಸಿ ಅದನ್ನು ದೂರದರ್ಶನದಲ್ಲಿ ಪ್ರಸಾರ ಮಾಡುತ್ತದೆ. ಸ್ಪರ್ಧಿಗಳನ್ನು ಪ್ರೇಕ್ಷಕರಿಗಾಗಿ ಅಲಂಕರಿಸುವುದು ವಿನ್ಯಾಸಕರ ಕೆಲಸ. ಸಿನ್ನಾ ಬಡ ಗಣಿಗಾರರ ಹನ್ನೆರಡನೆಯ ಜಿಲ್ಲೆಯನ್ನು ತಾನೇ ಕೇಳಿ ಪಡೆದವನು. ಕ್ಯಾಪಿಟಲ್‌ನ ಇತರರಂತೆ ಇವನು ಆಡಂಬರಪ್ರಿಯನಲ್ಲ. ಸರಳವಾದ ಕಪ್ಪು ಉಡುಪು ಹಾಗೂ ಕಣ್ಣಂಚಿನ ಹೊಂಬಣ್ಣದ ಗೆರೆ ಇವನ ಗುರುತು.

ಕಥೆಯಲ್ಲಿ ಪಾತ್ರ

ಹಿಂದಿನ ವಿನ್ಯಾಸಕರು ಈ ಜಿಲ್ಲೆಯ ಸ್ಪರ್ಧಿಗಳಿಗೆ ಗಣಿಕಾರ್ಮಿಕರ ವೇಷ ತೊಡಿಸುತ್ತಿದ್ದರು. ಸಿನ್ನಾ ಕಲ್ಲಿದ್ದಲನ್ನು ಅಗೆಯುವುದರ ಬದಲು ಅದು ಉರಿಯುವುದನ್ನು ಕುರಿತು ಯೋಚಿಸಿ, ಕೃತಕ ಬೆಂಕಿಯಿಂದ ಹೊತ್ತಿ ಉರಿಯುವ ಮೇಲುಡುಪನ್ನು ರೂಪಿಸುತ್ತಾನೆ. ಕ್ಯಾಟ್ನಿಸ್ ಮತ್ತು ಸಹಸ್ಪರ್ಧಿ ಪೀಟಾ ಕೈ ಕೈ ಹಿಡಿದು ಮೆರವಣಿಗೆಯಲ್ಲಿ ಸಾಗುವಂತೆ ಸೂಚಿಸುವವನೂ ಇವನೇ. ಸ್ಪರ್ಧೆ ಗೆದ್ದ ಬಳಿಕ ಕ್ಯಾಟ್ನಿಸ್ ಸರ್ಕಾರದ ಅನುಮಾನಕ್ಕೆ ಗುರಿಯಾದಾಗ, ಅವಳು ನಿರುಪದ್ರವಿ ಬಾಲಕಿಯಂತೆ ಕಾಣಲೆಂದು ಹಳದಿ ಬಣ್ಣದ ಸಾದಾ ಉಡುಪನ್ನು ಸಿದ್ಧಪಡಿಸುತ್ತಾನೆ.

ಎರಡನೆಯ ಕಾದಂಬರಿಯಲ್ಲಿ ಅಧ್ಯಕ್ಷ ಸ್ನೋ, ಸಂದರ್ಶನದಲ್ಲಿ ಕ್ಯಾಟ್ನಿಸ್ ಮದುವೆಯ ಉಡುಪನ್ನೇ ತೊಡಬೇಕೆಂದು ಆಜ್ಞಾಪಿಸುತ್ತಾನೆ. ಸಿನ್ನಾ ಆಜ್ಞೆಯನ್ನು ಪಾಲಿಸುತ್ತಾನೆ. ಆದರೆ ಅವಳು ವೇದಿಕೆಯಲ್ಲಿ ಗಿರಕಿ ಹೊಡೆದೊಡನೆ ಆ ಬಿಳಿಯ ಉಡುಪು ಸುಟ್ಟು, ಬಂಡಾಯದ ಸಂಕೇತವಾದ ಮಾಕಿಂಗ್‌ಜೇ ಹಕ್ಕಿಯ ರೂಪದ ಕಪ್ಪು ಉಡುಪಾಗಿ ಮಾರ್ಪಡುತ್ತದೆ. ಇದಕ್ಕೆ ಪ್ರತೀಕಾರವಾಗಿ ಸೈನಿಕರು ಕ್ಯಾಟ್ನಿಸ್‌ಳ ಕಣ್ಣೆದುರಿನಲ್ಲೇ ಇವನನ್ನು ಥಳಿಸಿ ಎಳೆದೊಯ್ಯುತ್ತಾರೆ. ಗಾಜಿನ ಕೊಳವೆಯೊಳಗಿದ್ದ ಅವಳು ಏನೂ ಮಾಡಲಾಗದೆ ಸ್ಪರ್ಧಾಕಣಕ್ಕೆ ಸಾಗುತ್ತಾಳೆ. ಸಿನ್ನಾ ವಿಚಾರಣೆಯ ವೇಳೆ ಸಾವನ್ನಪ್ಪಿದನೆಂದು ಮೂರನೆಯ ಕಾದಂಬರಿಯಿಂದ ತಿಳಿದುಬರುತ್ತದೆ.

ಮಹತ್ವ

ಸಿನ್ನಾ ಆಯುಧ ಹಿಡಿಯುವುದಿಲ್ಲ. ಅನ್ಯಾಯದ ಪ್ರದರ್ಶನವನ್ನು ಅಂದಗೊಳಿಸುವ ಕಸುಬನ್ನೇ ಅದರ ವಿರುದ್ಧ ತಿರುಗಿಸುತ್ತಾನೆ. ಬಂಡಾಯದ ನಾಯಕಿಯಾಗಿ ಕ್ಯಾಟ್ನಿಸ್ ಧರಿಸಬೇಕಾದ ರಕ್ಷಾಕವಚದ ಚಿತ್ರಗಳನ್ನು ಇವನು ಮೊದಲೇ ಬರೆದಿಟ್ಟಿರುತ್ತಾನೆ. ಆದರೆ ಆ ಹೊಣೆಯನ್ನು ಅವಳು ಸ್ವಇಚ್ಛೆಯಿಂದ ಒಪ್ಪುವವರೆಗೆ ಪುಸ್ತಕವನ್ನು ತೋರಿಸಬಾರದೆಂದು ಬಂಡಾಯದ ಮುಖಂಡ ಪ್ಲುಟಾರ್ಕ್‌ನಿಂದ ಮಾತು ಪಡೆದಿರುತ್ತಾನೆ. ಕ್ಯಾಪಿಟಲ್ ಮತ್ತು ಬಂಡಾಯಗಾರರು ಇಬ್ಬರೂ ಅವಳನ್ನು ತಮ್ಮ ಉದ್ದೇಶಕ್ಕೆ ಬಳಸಿಕೊಳ್ಳಲು ಯತ್ನಿಸುವ ಕಥೆಯಲ್ಲಿ, ಆಯ್ಕೆಯನ್ನು ಅವಳಿಗೇ ಬಿಡುವುದು ಸಿನ್ನಾನ ನಿಷ್ಠೆಯ ವೈಶಿಷ್ಟ್ಯ.

ಹೆಸರು

ಪನೆಮ್‌ನ ಅನೇಕ ಹೆಸರುಗಳಂತೆ ಸಿನ್ನಾ ಎಂಬುದೂ ಪ್ರಾಚೀನ ರೋಮ್‌ಗೆ ಸೇರಿದ್ದು. ಷೇಕ್ಸ್‌ಪಿಯರ್‌ನ 'ಜೂಲಿಯಸ್ ಸೀಸರ್' ನಾಟಕದಲ್ಲಿ ಒಬ್ಬ ಸಂಚುಗಾರನಿಗೂ ಒಬ್ಬ ಕವಿಗೂ ಇದೇ ಹೆಸರಿದೆ.

ಚಲನಚಿತ್ರಗಳಲ್ಲಿ

2012 ಮತ್ತು 2013ರಲ್ಲಿ ತೆರೆಕಂಡ ಸರಣಿಯ ಮೊದಲ ಎರಡು ಚಲನಚಿತ್ರಗಳಲ್ಲಿ ಅಮೆರಿಕದ ಸಂಗೀತಗಾರ ಲೆನ್ನಿ ಕ್ರಾವಿಟ್ಜ್ ಈ ಪಾತ್ರವನ್ನು ನಿರ್ವಹಿಸಿದ್ದಾರೆ.