ಅಗ್ಗದ ಚಾಕು, ದೊಡ್ಡ ಅಪವಾದ

ಹಿಗೊನೊಕಾಮಿ ಎಂಬ ಜಪಾನಿ ಚಾಕುವಿನಲ್ಲಿ ಮುಖ್ಯವಾಗಿ ಇರುವುದು ಮೂರೇ ಭಾಗ. ಒಂದು ಅಲಗು, ಉದ್ದಕ್ಕೆ ಮಡಚಿ ಹಿಡಿ ಮಾಡಿದ ಒಂದು ತಗಡು, ಎರಡನ್ನೂ ಸೇರಿಸುವ ಒಂದು ರಿವೆಟ್. ಸ್ಪ್ರಿಂಗ್ ಇಲ್ಲ, ಲಾಕ್ ಇಲ್ಲ. ಅಲಗಿನ ಬುಡದಲ್ಲಿ ಉಕ್ಕಿನ ಸಣ್ಣ ತುಂಡೊಂದು ಹೊರಕ್ಕೆ ಚಾಚಿಕೊಂಡಿದೆ. ಅದನ್ನು ‘ಚಿಕಿರಿ’ ಅನ್ನುತ್ತಾರೆ. ಹೆಬ್ಬೆರಳಿನಿಂದ ಅದನ್ನು ಒತ್ತಿದರೆ ಅಲಗು ಹೊರಬರುತ್ತದೆ. ಕೆಲಸ ಮುಗಿಯುವವರೆಗೂ ಹೆಬ್ಬೆರಳನ್ನು ಅಲ್ಲೇ ಇಟ್ಟುಕೊಂಡಿದ್ದರೆ ಚಾಕು ಮಡಚಿ ಬೆರಳು ಕತ್ತರಿಸುವುದಿಲ್ಲ. ಅಂದರೆ ಲಾಕು ಚಾಕುವಿನಲ್ಲಿಲ್ಲ, ಹಿಡಿದವನ ಕೈಯಲ್ಲಿದೆ. ಐಟಿಐಯಲ್ಲಿ ಫಿಟ್ಟರ್ ಟ್ರೇಡಿನ ಹುಡುಗರಿಗೆ ಅರ ಹಿಡಿಯುವುದನ್ನು ಕಲಿಸಿ ನಿವೃತ್ತನಾದವನು ನಾನು. ಒಂದು ಭಾಗವನ್ನೂ ಕಿತ್ತುಹಾಕಲು ಆಗದಂಥ ಈ ವಸ್ತುವನ್ನು ನೋಡಿದಾಗಲೆಲ್ಲ ಇದನ್ನು ಪರೀಕ್ಷೆಗೆ ಜಾಬ್ ಆಗಿ ಕೊಡಬೇಕಿತ್ತು ಅನ್ನಿಸುತ್ತದೆ.

ಸಾಗರದ ನಮ್ಮ ಮನೆಯಲ್ಲಿ ಇಂಥ ಮಡಚುವ ಚಾಕುಗಳು ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿವೆ. ನಾನು ಹಾಕಿಕೊಂಡ ನಿಯಮ ಒಂದೇ: ಹುಟ್ಟಿದ ಊರಿನಲ್ಲಿ ಅದು ಕೂಲಿಯವನೋ ಕುರಿ ಕಾಯುವವನೋ ಶಾಲೆಯ ಹುಡುಗನೋ ಕೊಳ್ಳುತ್ತಿದ್ದ ಚಾಕು ಆಗಿರಬೇಕು. ಜಿಂಕೆಕೊಂಬಿನ ಹಿಡಿ, ಮುತ್ತಿನ ಚಿಪ್ಪಿನ ಕುಸುರಿ ನನಗೆ ಬೇಡ. ಗಲ್ಫಿಗೆ, ಜಪಾನಿಗೆ, ಹಡಗಿನ ಕೆಲಸಕ್ಕೆ ಹೋದ ಹಳೆಯ ವಿದ್ಯಾರ್ಥಿಗಳು ಒಂದೊಂದಾಗಿ ತಂದುಕೊಟ್ಟಿದ್ದಾರೆ. “ಇಷ್ಟು ಚಾಕು ಇಟ್ಕಂಡು ಒಂದು ಬದನೆಕಾಯಿ ಹೆಚ್ಚಿಕೊಡಕ್ಕೆ ಬರಲ್ಲ ನಿಮಗೆ” ಎಂದು ಹೆಂಡತಿ ಹೇಳುವುದು ಸುಳ್ಳಲ್ಲ. ಅವಳ ಕೆಲಸವೆಲ್ಲ ಮೆಟ್ಟುಗತ್ತಿಯ ಮೇಲೆ, ಅದಕ್ಕೆ ನನ್ನ ಡಬ್ಬಿಯ ಯಾವ ಚಾಕುವೂ ಸಾಟಿಯಲ್ಲ.

ದುಬಾರಿ ಚಾಕುಗಳ ಇತಿಹಾಸ ವಸ್ತುಸಂಗ್ರಹಾಲಯಗಳಲ್ಲಿ ಸಿಗುತ್ತದೆ, ಯಾಕೆಂದರೆ ಅವನ್ನು ಯಾರೂ ಬಳಸಲಿಲ್ಲ. ಅಗ್ಗದ ಚಾಕು ಮಸೆದು ಮಸೆದು ಸವೆದು, ಕೊನೆಗೆ ಗುಜರಿಗೆ ಹೋಗುತ್ತದೆ. ಅದರ ಬಗ್ಗೆ ಬರೆದವರೂ ಕಡಿಮೆ. ಇಂಗ್ಲೆಂಡಿನ ಶೆಫೀಲ್ಡಿನ ಚಾಕುವನ್ನು ಒಂದು ಪೆನ್ನಿಗೆ ಮಾರುವುದು ಹೇಗೆ ಸಾಧ್ಯ ಎಂದು ಥಾಮಸ್ ಫುಲ್ಲರ್ ಅಚ್ಚರಿಪಟ್ಟದ್ದು 1662ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿದೆ. ಉತ್ತರ ಆ ಊರಿನ ಕೆಲಸದ ಹಂಚಿಕೆಯಲ್ಲಿತ್ತು. ಅಲಗು ಬಡಿಯುವವನೊಬ್ಬ, ಸಾಣೆ ಹಿಡಿಯುವವನೊಬ್ಬ, ಹಿಡಿ ಕೂರಿಸುವವನೊಬ್ಬ. ಈ ಮೂವರಲ್ಲಿ ನಡುವಿನವನು ಕಲ್ಲಿನ ದೂಳು ಕುಡಿದು ಚಿಕ್ಕ ವಯಸ್ಸಿಗೇ ಶ್ವಾಸಕೋಶ ಹಾಳಾಗಿ ಸಾಯುತ್ತಿದ್ದ. ಆ ಕಾಯಿಲೆಗೆ ಅಲ್ಲಿ ‘ಗ್ರೈಂಡರ್ಸ್ ಆಸ್ತಮಾ’ ಎಂದೇ ಹೆಸರಾಯಿತು. ಒಂದು ಪೆನ್ನಿಯ ಉಳಿದ ಬೆಲೆ ತೆತ್ತವನು ಅವನು. ಫ್ರಾನ್ಸಿನ ತಿಯೇರ್ ಊರಿನಲ್ಲಿ ದ್ಯುರೋಲ್ ನದಿಯ ನೀರಿನಿಂದ ತಿರುಗುವ ಸಾಣೆಕಲ್ಲುಗಳ ಮುಂದೆ ಕೆಲಸಗಾರರು ಹಲಗೆಯ ಮೇಲೆ ಬೋರಲು ಮಲಗಿ ಅಲಗು ಮಸೆಯುತ್ತಿದ್ದರು. ಕಲ್ಲಿನಿಂದ ಚಿಮ್ಮುವ ಕೆಸರಿನಿಂದ ಹಳದಿಯಾಗುತ್ತಿದ್ದ ಅವರಿಗೆ ‘ಹಳದಿ ಹೊಟ್ಟೆಯವರು’ ಎಂಬ ಅಡ್ಡಹೆಸರು. ಚಳಿ ತಡೆಯಲು ಕಾಲಿನ ಮೇಲೆ ನಾಯಿಯನ್ನು ಮಲಗಿಸಿಕೊಳ್ಳುತ್ತಿದ್ದರಂತೆ.

ನನ್ನ ಡಬ್ಬಿಯಲ್ಲಿ ಅತಿ ಹೆಚ್ಚು ಕೈಗೆ ಬರುವುದು ಒಪಿನೆಲ್. ಫ್ರಾನ್ಸಿನ ಸವಾಯ್ ಬೆಟ್ಟಸೀಮೆಯ ಜೆವೂದಾ ಎಂಬ ಹಳ್ಳಿಯಲ್ಲಿ ಒಪಿನೆಲ್ ಮನೆತನದವರು ಕೊಡಲಿ, ಕುಡುಗೋಲು ಮಾಡುವ ಕಮ್ಮಾರರು. ಆ ಮನೆಯ ಹುಡುಗ ಜೋಸೆಫ್ 1890ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಮರದ ಹಿಡಿಗೆ ಸೀಳು ಕೊರೆದು ಒಂದು ಅಲಗು ಕೂರಿಸಿದ. ಇವನು ಯಂತ್ರಗಳ ಹುಚ್ಚಿನವನು. ತಾನೇ ಕ್ಯಾಮೆರಾ ಮಾಡಿಕೊಂಡು ಸುತ್ತಲಿನ ಮದುವೆಗಳ ಫೋಟೋ ತೆಗೆಯುತ್ತಿದ್ದವನು. ಕೈಯಿಂದಲೇ ಮಾಡಬೇಕು ಎನ್ನುವ ಅಪ್ಪನ ಮಾತನ್ನು ಪಕ್ಕಕ್ಕಿಟ್ಟು ಹಿಡಿಗಳನ್ನು ಯಂತ್ರದಿಂದ ಕೊರೆಯತೊಡಗಿದ. 1897ರ ಹೊತ್ತಿಗೆ ಒಂದರಿಂದ ಹನ್ನೆರಡರವರೆಗೆ ಹನ್ನೆರಡು ಅಳತೆಗಳು ಸಿದ್ಧವಾದವು. ಒಂದನೇ ನಂಬರು ಗಡಿಯಾರದ ಸರಪಳಿಗೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕದು. ನನ್ನದು ಎಂಟನೇ ನಂಬರು, ಅಲಗಿನ ಉದ್ದ ಎಂಟೂವರೆ ಸೆಂಟಿಮೀಟರ್. ಬಹಳ ಜನ ಕೊಳ್ಳುವುದೂ ಇದನ್ನೇ.

ಇದು ಹರಡಿದ ಬಗೆ ನೋಡಿ. ದೊಡ್ಡ ಅಂಗಡಿಗಳಿಂದಲ್ಲ. ಊರೂರು ತಿರುಗುವ ವ್ಯಾಪಾರಿಗಳು ಗಂಟಿನಲ್ಲಿ ಹೊತ್ತರು, ಪ್ಯಾರಿಸ್–ಲಿಯೋನ್–ಮೆಡಿಟರೇನಿಯನ್ ರೈಲಿನ ನೌಕರರು ಜೇಬಿನಲ್ಲಿ ಒಯ್ದರು. ಚೀಸ್ ಕತ್ತರಿಸಲು, ದ್ರಾಕ್ಷಿ ಬಳ್ಳಿ ಸವರಲು, ಬ್ರೆಡ್ಡಿಗೆ ಬೆಣ್ಣೆ ಸವರಲು ಒಂದೇ ಚಾಕು. 1909ರಲ್ಲಿ ಜೋಸೆಫ್ ತನ್ನ ಮುದ್ರೆಯಾಗಿ ಆರಿಸಿಕೊಂಡದ್ದು ಆಶೀರ್ವದಿಸುವ ಒಂದು ಕೈ, ಅದರ ಮೇಲೊಂದು ಕಿರೀಟ. ಕೈ ಹತ್ತಿರದ ಸೇಂಟ್-ಜಾನ್-ದ-ಮೊರಿಯೆನ್ ಪಟ್ಟಣದ ಲಾಂಛನದ್ದು, ಕಿರೀಟ ಸವಾಯ್ ಸಂಸ್ಥಾನದ್ದು. ಇವತ್ತಿಗೂ ಅಲಗಿನ ಮೇಲೆ ಅದೇ ಗುರುತು.

ಮೊದಲ ಅರವತ್ತೈದು ವರ್ಷ ಇದಕ್ಕೂ ಲಾಕ್ ಇರಲಿಲ್ಲ. 1955ರಲ್ಲಿ ಜೋಸೆಫನ ಮಗ ಮಾರ್ಸೆಲ್ ಹಿಡಿಯ ತುದಿಗೆ ತಿರುಗುವ ಉಕ್ಕಿನ ಬಳೆಯೊಂದನ್ನು ಸೇರಿಸಿದ. ಬಳೆಯಲ್ಲಿ ಒಂದು ಸೀಳು. ಸೀಳು ಅಲಗಿನ ಎದುರಿಗಿದ್ದರೆ ಚಾಕು ಮಡಚುತ್ತದೆ, ಬಳೆಯನ್ನು ಅರ್ಧ ಬೆರಳು ತಿರುಗಿಸಿದರೆ ಮಡಚುವುದಿಲ್ಲ. ಅಷ್ಟೇ. ಪೇಟೆಂಟ್ ಆಫೀಸಿನ ಕಪಾಟುಗಳಲ್ಲಿ ಚಾಕುವಿನ ಲಾಕುಗಳು ರಾಶಿ ಇರಬಹುದು. ಇಷ್ಟು ಕಡಿಮೆ ಲೋಹದಲ್ಲಿ ಕೆಲಸ ಮುಗಿಸಿದ್ದನ್ನು ನಾನು ಇನ್ನೊಂದು ಕಂಡಿಲ್ಲ. ಈಗ ಒಟ್ಟು ಐದು ಭಾಗ. 1985ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಜಗತ್ತಿನ ಅತ್ಯುತ್ತಮ ವಿನ್ಯಾಸದ ನೂರು ವಸ್ತುಗಳಲ್ಲಿ ಇದನ್ನೂ ಸೇರಿಸಿತು.

ಆದರೆ ಸವಾಯ್ ಬೆಟ್ಟದವರು ಮಲೆನಾಡಿನ ಆಷಾಢವನ್ನು ಕಂಡವರಲ್ಲ. ನಮ್ಮಲ್ಲಿ ಮಳೆ ಹಿಡಿದು ಎರಡು ವಾರವಾದರೆ ಬೀಚ್ ಮರದ ಹಿಡಿ ನೀರು ಕುಡಿದು ಉಬ್ಬುತ್ತದೆ, ಅಲಗು ಸೀಳಿನೊಳಗೆ ಕಚ್ಚಿಕೊಳ್ಳುತ್ತದೆ, ಉಗುರು ಸಿಕ್ಕಿಸಿ ಎಳೆದರೆ ಉಗುರೇ ಮುರಿದೀತು. ಇದಕ್ಕೆ ಅವರಲ್ಲೊಂದು ಹಳ್ಳಿಯ ಮದ್ದಿದೆ, ‘ಸವಾಯ್ ಏಟು’ ಎನ್ನುತ್ತಾರೆ: ಬಳೆ ಬಿಚ್ಚಿ, ಹಿಡಿಯ ಹಿಂಬದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟಿದರೆ ಅಲಗು ತಾನಾಗಿ ಒಂದಿಷ್ಟು ತಲೆಯೆತ್ತುತ್ತದೆ. ನಮ್ಮ ಕಡೆಯ ಮದ್ದು ಇನ್ನೂ ಸುಲಭ. ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟರೆ ಹಿಡಿ ಒಣಗಿ ಹಾದಿಗೆ ಬರುತ್ತದೆ. ಅಲಗು ಕಾರ್ಬನ್ ಉಕ್ಕಿನದಾದರೆ ಇನ್ನೊಂದು ತಾಪತ್ರಯ. ಮಾವಿನಕಾಯಿ ಕತ್ತರಿಸಿ ಒರೆಸದೆ ಬಿಟ್ಟರೆ ಹುಳಿ ತಾಗಿ ಅಲಗು ಕಪ್ಪಾಗುತ್ತದೆ, ಮುಂದಿನ ಹೋಳಿಗೆ ಕಬ್ಬಿಣದ ವಾಸನೆ ಬರುತ್ತದೆ. ಕಪ್ಪಾದ ಮೇಲೆ ಅದು ಹೆಚ್ಚು ತುಕ್ಕು ಹಿಡಿಯುವುದಿಲ್ಲ ಅನ್ನುವುದೂ ನಿಜ. ಹಾಗಾಗಿ ನಾನು ತಿಕ್ಕಿ ಬೆಳ್ಳಗೆ ಮಾಡುವ ಗೋಜಿಗೆ ಹೋಗುವುದಿಲ್ಲ.

ಹಿಗೊನೊಕಾಮಿಯ ಕಥೆ ಇದಕ್ಕಿಂತ ಕಹಿ. ಅದರ ಊರು ಕೋಬೆಗೆ ಹತ್ತಿರದ ಮಿಕಿ. 1578ರಿಂದ 1580ರವರೆಗೆ ಸೇನಾನಾಯಕ ಹಿದೆಯೋಶಿ ಮಿಕಿ ಕೋಟೆಗೆ ಮುತ್ತಿಗೆ ಹಾಕಿ ಊರನ್ನು ಹಾಳುಮಾಡಿದ. ಮತ್ತೆ ಊರು ಕಟ್ಟಲು ಬಡಗಿಗಳು ಬಂದರು, ಬಡಗಿಗಳ ಉಳಿ–ಗರಗಸಕ್ಕಾಗಿ ಕಮ್ಮಾರರು ನೆಲೆನಿಂತರು. 1876ರಲ್ಲಿ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಷೇಧಿಸಿದ ಮೇಲೆ ದೇಶದ ತುಂಬ ಕತ್ತಿ ಕಮ್ಮಾರರ ಕೈ ಬರಿದಾಯಿತು, ಅಡುಗೆಮನೆ ಮತ್ತು ಜೇಬಿನ ಕಡೆ ಅವರ ಗಮನ ತಿರುಗಿತು. 1890ರ ದಶಕದಲ್ಲಿ ದಕ್ಷಿಣದ ಕ್ಯೂಶು ದ್ವೀಪದಿಂದ ಬಂದ ಚಾಕುವೊಂದನ್ನು ಮಾದರಿಯಾಗಿಟ್ಟುಕೊಂಡು ಮಿಕಿಯವರು ಮಡಚುವ ಚಾಕು ಮಾಡಿದರು. ಗಿರಾಕಿಗಳು ಹೆಚ್ಚಾಗಿ ಕ್ಯೂಶುವಿನವರೇ ಆದ್ದರಿಂದ ಅಲ್ಲಿಯ ಹಿಗೊ ಸೀಮೆಯ ಒಡೆಯನ ಬಿರುದನ್ನೇ ಮೂರು ಕಾಸಿನ ಚಾಕುವಿಗೆ ಇಟ್ಟರು. ಕಮ್ಮಾರರ ಸಂಘವಾಯಿತು, ಹೆಸರು ಟ್ರೇಡ್‌ಮಾರ್ಕ್ ಆಯಿತು, ಸಂಘಕ್ಕೆ ಸೇರದವರು ಆ ಹೆಸರನ್ನು ತಗಡಿನ ಮೇಲೆ ಹೊಡೆಯುವಂತಿರಲಿಲ್ಲ.

ಎರಡು ತಲೆಮಾರು ಜಪಾನಿನ ಶಾಲೆಯ ಹುಡುಗರು ಪೆನ್ಸಿಲ್ ಹೆರೆದದ್ದು, ಬಿದಿರಿನ ಆಟಿಕೆ ಮಾಡಿಕೊಂಡದ್ದು ಇದರಲ್ಲೇ. ಆಮೇಲೆ 1960ರ ಅಕ್ಟೋಬರ್ 12 ಬಂತು. ಟೋಕಿಯೊದ ಹಿಬಿಯಾ ಸಭಾಂಗಣದಲ್ಲಿ ಸಮಾಜವಾದಿ ಪಕ್ಷದ ನಾಯಕ ಇನೆಜಿರೊ ಅಸಾನುಮಾ ಮಾತಾಡುತ್ತಿದ್ದಾಗ ಹದಿನೇಳು ವರ್ಷದ ಹುಡುಗನೊಬ್ಬ ವೇದಿಕೆಗೆ ನುಗ್ಗಿ ಇರಿದು ಕೊಂದ. ಅವನ ಕೈಯಲ್ಲಿದ್ದದ್ದು ಸಮುರಾಯ್ ಮಾದರಿಯ ಗಿಡ್ಡ ಕತ್ತಿ. ಅದಕ್ಕೂ ಹಿಗೊನೊಕಾಮಿಗೂ ಯಾವ ಸಂಬಂಧವೂ ಇಲ್ಲ. ಆದರೂ “ಮಕ್ಕಳ ಕೈಗೆ ಅಲಗು ಬೇಡ” ಎಂಬ ಚಳವಳಿ ದೇಶದ ತುಂಬ ಎದ್ದಿತು. ಕತ್ತಿ ಯಾವ ಹುಡುಗನ ಚೀಲದಲ್ಲೂ ಇರಲಿಲ್ಲ. ಚಾಕು ಎಲ್ಲರ ಚೀಲದಲ್ಲೂ ಇತ್ತು. ಸಿಕ್ಕಿಬಿದ್ದದ್ದು ಚಾಕು. ಶಾಲೆಗಳು ಅದನ್ನು ಕಿತ್ತುಕೊಂಡವು, ಪೆನ್ಸಿಲ್ ಹೆರೆಯುವ ಯಂತ್ರಗಳು ಮೇಜಿಗೆ ಬಂದವು, ಮಿಕಿಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಈಗ ಆ ಹೆಸರಿನ ಹಕ್ಕಿರುವ ಕಮ್ಮಾರಶಾಲೆ ಉಳಿದಿರುವುದು ಒಂದೇ, ನಾಗಾವೊ ಮನೆತನದ್ದು. ನಾಗಾನೋ ಪ್ರಾಂತದ ಒಂದು ಪ್ರಾಥಮಿಕ ಶಾಲೆ ಮಾತ್ರ 1980ರ ದಶಕದಿಂದ ಹಟ ಹಿಡಿದು ತನ್ನ ಮಕ್ಕಳಿಗೆಲ್ಲ ಹಿಗೊನೊಕಾಮಿ ಕೊಟ್ಟು ಪೆನ್ಸಿಲ್ ಹೆರೆಯಿಸುತ್ತಿದೆ. ನನ್ನಂಥ ಮೇಷ್ಟ್ರೊಬ್ಬ ಅಲ್ಲಿದ್ದಿರಬೇಕು.

ನನಗೆ ಕಂಡಷ್ಟು ಮಟ್ಟಿಗೆ ಅಗ್ಗದ ಚಾಕುವಿನ ಪಾಡೇ ಇದು. ಎಲ್ಲರೂ ಕೊಳ್ಳಬಲ್ಲದ್ದು ಎಲ್ಲರ ಕೈಯಲ್ಲೂ ಇರುತ್ತದೆ, ಎಲ್ಲರ ಕೈಯಲ್ಲಿ ಇರುವುದರ ಮೇಲೆ ಸರ್ಕಾರಕ್ಕೂ ಸಂಭಾವಿತರಿಗೂ ಮೊದಲು ಕಣ್ಣು ಬೀಳುತ್ತದೆ. ತಿಯೇರ್ ಊರಿನ ಕೋನ್ಯೆ ಎಂಬ ತಯಾರಕರು 1929ರಲ್ಲಿ ಪೆಸಿಫಿಕ್ ದ್ವೀಪಗಳ ವಸಾಹತುಗಳಲ್ಲಿ ಮಾರಲೆಂದು ಡೂಕ್-ಡೂಕ್ ಎಂಬ ಚಾಕು ಮಾಡಿದರು. ನಿಘಂಟಿನಲ್ಲಿ ಕಂಡ ಮೆಲನೇಷ್ಯಾದ ಭೂತದ ಚಿತ್ರವನ್ನು ಹಿಡಿಯ ಮೇಲೆ ಕೆತ್ತಿಸಿದರು. ಹಿಡಿ ಇಲ್ಲೂ ಮಡಚಿದ ತಗಡೇ, ಆದರೆ ಒಳಗೆ ಬಲವಾದ ಸ್ಪ್ರಿಂಗ್ ಪಟ್ಟಿ ಇದೆ. ತೆರೆಯುವಾಗ ಉಗುರಿಗೆ ನೋವಾಗುವಷ್ಟು ಗಟ್ಟಿ. ದ್ವೀಪಗಳಿಗಿಂತ ಹೆಚ್ಚಾಗಿ ಅದು ಬಿಕರಿಯಾದದ್ದು ಉತ್ತರ ಆಫ್ರಿಕಾದಲ್ಲಿ, ರೈತರಿಗೆ, ಸಿಪಾಯಿಗಳಿಗೆ. 1954ರಿಂದ 1962ರವರೆಗಿನ ಅಲ್ಜೀರಿಯಾದ ಯುದ್ಧದಲ್ಲಿ ಅದು ಕೊಲೆಗೂ ಬೆದರಿಕೆಗೂ ಬಳಕೆಯಾಯಿತು. ಹಿಡಿಯ ತಗಡನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಿಬಿಟ್ಟರೆ ಅಲಗು ಮಡಚದೆ ನಿಂತು ಬಾಕು ಆಗುತ್ತದೆ. ಹೊಲದ ಚಾಕು ಆಯುಧವಾಗಲು ಅಷ್ಟೇ ಸಾಕಿತ್ತು. ಇಲ್ಲಿ ಅಪವಾದ ಪೂರ್ತಿ ಸುಳ್ಳಲ್ಲ, ಅದನ್ನು ಒಪ್ಪಬೇಕು. ನನ್ನ ಡಬ್ಬಿಯ ಡೂಕ್-ಡೂಕನ್ನು ಹಿಡಿದಾಗ ಒಪಿನೆಲ್ ಹಿಡಿದಷ್ಟು ಹಗುರ ಅನ್ನಿಸುವುದಿಲ್ಲ.

ಓಕಾಪಿ ಎಂಬ ಚಾಕುವಿನದೂ ಹೆಚ್ಚುಕಡಿಮೆ ಇದೇ ಜಾಡು. ಜರ್ಮನಿಯ ಸೋಲಿಂಗೆನ್‌ನಲ್ಲಿ 1902ರಲ್ಲಿ ಆಫ್ರಿಕಾದ ವಸಾಹತುಗಳಿಗಾಗಿ ಹುಟ್ಟಿತು, ಈಗ ತಯಾರಾಗುವುದು ದಕ್ಷಿಣ ಆಫ್ರಿಕಾದಲ್ಲಿ. ಮರದ ಹಿಡಿಯ ಮೇಲೆ ಚಂದ್ರ, ನಕ್ಷತ್ರ. ತೆರೆಯುವಾಗ ಹಲ್ಲುಪಟ್ಟಿಯ ಮೇಲೆ ಕಟಕಟ ಸದ್ದು. ಬೆನ್ನಿನ ಉಂಗುರ ಎಳೆದರೆ ಲಾಕ್ ಬಿಡುತ್ತದೆ.

ಕಟಕಟ ಸದ್ದೆಂದರೆ ನಮ್ಮವರಿಗೆ ನೆನಪಾಗುವುದು ಉತ್ತರ ಪ್ರದೇಶದ ರಾಂಪುರದ ಚಾಕು, ರಾಂಪುರಿ. ನವಾಬರ ಕಾಲದ ಕತ್ತಿ ಕಮ್ಮಾರರ ಕಸುಬು ಅಲ್ಲಿ ಮಡಚುವ ಚಾಕುವಿಗೆ ಇಳಿಯಿತು. ಒಂಬತ್ತರಿಂದ ಹನ್ನೆರಡು ಇಂಚಿನ ಅಲಗು, ಹಿತ್ತಾಳೆಯ ಹಿಡಿ, ಲಾಕ್ ಬಿಡಿಸಲು ಗುಂಡಿ. ಇದು ನನ್ನ ‘ಅಗ್ಗ’ದ ನಿಯಮದ ಅಂಚಿನಲ್ಲಿರುವ ಸರಕು, ಒಳ್ಳೆಯ ಕೆಲಸದ ರಾಂಪುರಿಗೆ ಆಗಲೂ ಬೆಲೆಯಿತ್ತು. ಅದನ್ನು ಗೂಂಡಾನ ಗುರುತಾಗಿ ಮಾಡಿದ್ದು ಮುಂಬೈ ಸಿನಿಮಾ. 1965ರ ‘ವಕ್ತ್’ ಚಿತ್ರದಲ್ಲಿ ರಾಜ್‌ಕುಮಾರ್ ಎದುರಾಳಿಯ ಕೈಯಿಂದ ಚಾಕು ತೆಗೆದುಕೊಂಡು ಆಡುವ ಮಾತನ್ನು ಹುಬ್ಬಳ್ಳಿಯ ಟಾಕೀಸಿನಿಂದ ಹೊರಬಂದ ಹುಡುಗರೂ ಬಾಚಣಿಗೆ ಹಿಡಿದು ಒಪ್ಪಿಸುತ್ತಿದ್ದರು. (ಬೆಂಗಳೂರಿನ ನಮ್ಮ ರಾಜ್‌ಕುಮಾರ್ ಅಲ್ಲ, ಇವರು ಹಿಂದಿಯವರು.) 1990ರ ದಶಕದಲ್ಲಿ ಉತ್ತರ ಪ್ರದೇಶ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗನ್ನು ನಿಷೇಧಿಸಿತು. ಸಿನಿಮಾದಲ್ಲೂ ಆ ಹೊತ್ತಿಗೆ ಖಳರ ಕೈಗೆ ಪಿಸ್ತೂಲು ಬಂದಾಗಿತ್ತು. ಕುಶಲಕರ್ಮಿಗಳು ಬೇರೆ ಕೆಲಸ ಹುಡುಕಿಕೊಂಡರು.

ನಮ್ಮ ದೇಶದ ಆಯುಧ ನಿಯಮಗಳಲ್ಲಿ ಪರವಾನಗಿಯ ಪ್ರಶ್ನೆ ಏಳುವುದು ಅಲಗು ಒಂಬತ್ತು ಇಂಚಿಗಿಂತ ಉದ್ದವೋ ಎರಡು ಇಂಚಿಗಿಂತ ಅಗಲವೋ ಇದ್ದಾಗ. ಮನೆಗೆಲಸದ, ಬೇಸಾಯದ ಸಲಕರಣೆಗಳು ಅದರಿಂದ ಹೊರಗೆ. ನನ್ನ ಡಬ್ಬಿಯಲ್ಲಿ ಅದರ ಅರ್ಧಕ್ಕೆ ಬರುವ ಅಲಗೂ ಅಪರೂಪ. ಆದರೂ ಬಸ್ಸಿನಲ್ಲಿ ಹಣ್ಣು ಹೆಚ್ಚಲು ಜೇಬಿನಿಂದ ಚಾಕು ತೆಗೆದರೆ ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ. ಅವರ ತಲೆಯಲ್ಲಿ ಇರುವುದು ನನ್ನ ಒಪಿನೆಲ್ ಅಲ್ಲ, ಸಿನಿಮಾದ ರಾಂಪುರಿ.

ರಾಂಪುರದವರು ಇತ್ತೀಚೆಗೆ ತಮ್ಮ ಚಾಕುವಿಗೆ ಮರ್ಯಾದೆ ಮರಳಿಸಲು ಹೊರಟಿದ್ದಾರೆ. 2023ರಲ್ಲಿ ಊರಿನ ಒಂದು ವೃತ್ತದಲ್ಲಿ ಸುಮಾರು ಇಪ್ಪತ್ತು ಅಡಿಯ ರಾಂಪುರಿಯನ್ನು ನಿಲ್ಲಿಸಿದರು. ಆ ಊರಿನ ಅಂಗಡಿಯಲ್ಲಿ ನೀವು ಕೊಳ್ಳಬಹುದಾದ ಅಲಗಿನ ಮಿತಿ ನಾಲ್ಕೂವರೆ ಇಂಚು. ಅಂಥದೊಂದನ್ನು ತರಲು ರಾಂಪುರಕ್ಕೆ ಹತ್ತಿರದ ಬರೇಲಿಗೆ ಕೆಲಸಕ್ಕೆ ಹೋಗುವ ಹುಡುಗನಿಗೆ ದುಡ್ಡು ಕೊಟ್ಟು ಕಳಿಸಿದ್ದೇನೆ. ರೈಲಿನಲ್ಲಿ ಬರಬೇಕು, ವಿಮಾನದಲ್ಲಾದರೆ ಲಗೇಜಿಗೆ ಹಾಕಬೇಕು ಎಂದು ಎರಡು ಸಲ ಹೇಳಿದ್ದೇನೆ.