ರಕ್ತದ ರಿಪೋರ್ಟು ಊರಿನ ಸುದ್ದಿಯಲ್ಲ

ಎಚ್‌ಐವಿ ಪರೀಕ್ಷೆಯ ರಿಪೋರ್ಟನ್ನು ಗುಟ್ಟಾಗಿ ಇಡಬೇಕೆಂದು ಇವತ್ತು ಕಾನೂನೇ ಹೇಳುತ್ತದೆ. ಈ ಒಂದು ಮಾತು ಕಾನೂನಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಆ ದಾರಿಯಲ್ಲಿ ಮೊದಲು ಬರುವುದು ನಮ್ಮ ಪಕ್ಕದ ಗೋವಾ.

ಭಾರತದಲ್ಲಿ ಎಚ್‌ಐವಿ ಪತ್ತೆಯಾದದ್ದು 1986ರಲ್ಲಿ, ಆಗಿನ ಮದ್ರಾಸಿನಲ್ಲಿ. ಆಗ ತಿಳಿವಳಿಕೆಗಿಂತ ಭಯವೇ ಹೆಚ್ಚಿತ್ತು. ಸೋಂಕಿತರನ್ನು ಬೇರೆ ಇರಿಸಲು ಗೋವಾ ತನ್ನ ಆರೋಗ್ಯ ಕಾನೂನನ್ನೇ ತಿದ್ದಿತು. 1989ರ ಫೆಬ್ರವರಿಯಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕರನ್ನು ಪೊಲೀಸರು ಕರೆದೊಯ್ದರು. ಅವರು ಮಾಡಿದ್ದು ರಕ್ತದಾನ. ಆ ರಕ್ತದಲ್ಲಿ ಎಚ್‌ಐವಿ ಕಂಡಿತ್ತು. ಹಳೆಯ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ ಅವರನ್ನು 64 ದಿನ ಒಂಟಿಯಾಗಿ ಇಟ್ಟರು. ತಾಯಿ ಲೂಸಿ ಡಿಸೋಜಾ ಹೈಕೋರ್ಟಿಗೆ ಹೋದರು. ಮಗ ಹೊರಬಂದರು, ಆದರೆ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. ಡೊಮಿನಿಕ್ 1992ರಲ್ಲಿ ತೀರಿಕೊಂಡರು.

ಮುಂದಿನ ಪ್ರಕರಣದಲ್ಲಿ ಆಸ್ಪತ್ರೆಯಿಂದ ರಿಪೋರ್ಟು ಹೊರಬಿದ್ದು ಒಬ್ಬರ ಮದುವೆ ಮುರಿಯಿತು. ಅವರು ಆಸ್ಪತ್ರೆಯ ಮೇಲೆ ದಾವೆ ಹೂಡಿದರು. 1998ರಲ್ಲಿ ಸುಪ್ರೀಂ ಕೋರ್ಟ್, ಮದುವೆಯಾಗಲಿರುವ ಹೆಣ್ಣಿನ ಆರೋಗ್ಯದ ಹಕ್ಕು ದೊಡ್ಡದು ಎಂದಿತು. ಸೋಂಕಿತರಿಗೆ ಮದುವೆಯ ಹಕ್ಕೇ ಇಲ್ಲವೆಂಬಂತೆಯೂ ಹೇಳಿತು. ಈ ಎರಡನೆಯ ಮಾತನ್ನು 2002ರಲ್ಲಿ ಕೈಬಿಟ್ಟಿತು.

2017ರಲ್ಲಿ ಎರಡು ದೊಡ್ಡ ಬದಲಾವಣೆಗಳಾದವು. ಏಪ್ರಿಲ್‌ನಲ್ಲಿ ಸಂಸತ್ತು ಎಚ್‌ಐವಿ ಕಾಯ್ದೆಯನ್ನು ಒಪ್ಪಿತು. ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಎಚ್‌ಐವಿ ಕಾಯ್ದೆ ಜಾರಿಯಾದದ್ದು 2018ರ ಸೆಪ್ಟೆಂಬರ್ 10ರಂದು. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಸೋಂಕಿತರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ತಿಳಿಸುವಂತಿಲ್ಲ. ಗಂಡನಿಗೋ ಹೆಂಡತಿಗೋ ಸೋಂಕು ತಗಲುವ ಅಪಾಯವಿದ್ದರೆ ವೈದ್ಯರು ಅಥವಾ ಆಪ್ತಸಮಾಲೋಚಕರು ತಿಳಿಸಬಹುದು. ಆದರೆ ಮೊದಲು ಸೋಂಕಿತರಿಗೇ ಬುದ್ಧಿ ಹೇಳಿರಬೇಕು, ತಾವು ತಿಳಿಸುತ್ತೇವೆಂದು ಮುಂಚಿತವಾಗಿ ಹೇಳಿರಬೇಕು.

ರೋಗ ಮುಚ್ಚಿಟ್ಟರೆ ಹರಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನಾವು ಹೇಳುವುದು ಇಷ್ಟೇ: ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಹೆದರಿಕೆ ಇದ್ದರೆ ಪರೀಕ್ಷೆಗೆ ಯಾರೂ ಬರುವುದಿಲ್ಲ. ಪರೀಕ್ಷೆ ಇಲ್ಲದೆ ಗುಳಿಗೆ ಇಲ್ಲ, ಗುಳಿಗೆ ಇಲ್ಲದಿದ್ದರೆ ರೋಗ ಹರಡುತ್ತಲೇ ಇರುತ್ತದೆ. ಗುಟ್ಟು ಕಾಯುವುದೂ ಚಿಕಿತ್ಸೆಯ ಭಾಗ.

ನಮ್ಮಂಥ ಸಣ್ಣ ಊರಿನಲ್ಲಿ ಆಸ್ಪತ್ರೆಯ ಸಿಬ್ಬಂದಿ, ಆಶಾ ಕಾರ್ಯಕರ್ತೆ, ರೋಗಿ ಎಲ್ಲರೂ ಪರಿಚಿತರು, ಹಲವರು ನೆಂಟರು. ಯಾರದೋ ಚೀಟಿಯ ಫೋಟೊ ವಾಟ್ಸ್‌ಆ್ಯಪ್‌ಗೆ ಬಂದರೆ ಮುಂದೆ ಕಳಿಸಬೇಡಿ, ಅಳಿಸಿಬಿಡಿ. ಎಚ್‌ಐವಿ ಬಗ್ಗೆ ಏನೇ ಕೇಳುವುದಿದ್ದರೂ ಉಚಿತ ಸಹಾಯವಾಣಿ 1097 ಇದೆ.