ಶಿಲಾಮಂಟಪಗಳ ಸಂಧಿಸ್ಥಾನವೂ ಗಣಕಯಂತ್ರದ ತೊಲೆ-ಘನ ಯೋಜನೆಯೂ

ಕೋಲಾರ ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 10ನೆಯ ಸಂಪುಟವಾಗಿ ಪ್ರಕಟಿಸಿದುದು ವಾಚಕರಿಗೆ ವಿದಿತವೇ ಆಗಿದೆ. ಆ ಶಾಸನಗಳನ್ನು ಧರಿಸಿರುವ ಶಿಲಾಮಂಟಪಗಳು ನಿಂತಿರುವ ಬಗೆಯೂ ವಿಚಾರಾರ್ಹವಾದುದು. ಕಂಬಕ್ಕೂ ತೊಲೆಗೂ ಇರುವ ಸಂಧಿಯೊಂದನ್ನೇ ಇಲ್ಲಿ ಪರಿಶೀಲಿಸತಕ್ಕದ್ದಾಗಿದೆ.

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ನೊಳಂಬರ ಕಾಲದ ದೇವಾಲಯಗಳಿವೆ. ಕೋಲಾರದ ಸೋಮೇಶ್ವರಾಲಯವು ವಿಜಯನಗರದ ಕಾಲದ್ದು. ಇಂತಹ ಮಂಟಪಗಳಲ್ಲಿ ಸಾಮಾನ್ಯವಾಗಿ ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಎಂಬುದೇ ಕ್ರಮ. ಮಾಲೂರು, ಶ್ರೀನಿವಾಸಪುರದ ಕಡೆಯ ಹಳೆಯ ಮನೆಗಳ ಕಲ್ಲುಚಪ್ಪಡಿಯ ಮಾಳಿಗೆಯೂ ಗೋಡೆಯ ಮೇಲೆ ಸುಮ್ಮನೆ ಕುಳಿತಿರುವುದೇ. ಬೋದಿಗೆಯು ಕೇವಲ ಅಲಂಕಾರವಲ್ಲ. ಕಂಬಗಳ ನಡುವಣ ಅಂತರವು 9 ಅಡಿಯೆಂದೂ, ಬೋದಿಗೆಯು ಎರಡೂ ಕಡೆ ಒಂದೂವರೆ ಅಡಿ ಚಾಚಿದೆಯೆಂದೂ ಭಾವಿಸೋಣ. ಅದರ ತುದಿಯೇ ಆಧಾರವಾದರೆ ತೊಲೆಗೆ ಉಳಿಯುವ ಅಂತರ 6 ಅಡಿ. ಸಮನಾಗಿ ಹರಡಿದ ಭಾರದಿಂದ ನಡುವೆ ಉಂಟಾಗುವ ಬಾಗುಬಲವು ಮೊದಲಿನದರ ಒಂಬತ್ತರಲ್ಲಿ ನಾಲ್ಕು ಪಾಲಿಗೆ ಇಳಿಯುವುದು.

ಪಾಶ್ಚಾತ್ಯರಲ್ಲಿ ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಗೋಡೆಯಲ್ಲಿ ನಾಟಿದ ತೊಲೆಯನ್ನು ವಿಚಾರಿಸಿದನು. ಗೋಡೆಯನ್ನು ಕದಲದ ವಸ್ತುವೆಂದೇ ಎಣಿಸಿದನು. ರೆನಿಕಾಫ್ 1941ರಲ್ಲಿಯೂ ಕೂರಾಂಟ್ 1943ರಲ್ಲಿಯೂ ತೋರಿದ ಮಾರ್ಗವು 1956ರಲ್ಲಿ ಟರ್ನರ್, ಕ್ಲಫ್ ಮೊದಲಾದವರಿಂದ ವಿಸ್ತಾರಗೊಂಡು, 1960ರಲ್ಲಿ ಕ್ಲಫ್‌ನಿಂದ ‘ಫೈನೈಟ್ ಎಲಿಮೆಂಟ್’ ಎಂಬ ಹೆಸರನ್ನು ಪಡೆಯಿತು. ಕಟ್ಟಡವನ್ನು ಸಣ್ಣ ಅಂಶಗಳಾಗಿ ವಿಭಜಿಸಿ ಗಣಿಸುವುದೇ ಇದರ ತತ್ತ್ವ. ಗಣನೆಯ ಶ್ರಮವನ್ನು ಉಳಿಸಲು ನೀಳವಾದುದನ್ನು ತೊಲೆಯಂಶವಾಗಿಯೂ ದಪ್ಪವಾದುದನ್ನು ಘನಾಂಶವಾಗಿಯೂ ಇಡುವರು.

ತೊಡಕು ಹುಟ್ಟುವುದು ಸಂಧಿಯಲ್ಲಿ. ತೊಲೆಯಂಶದ ಬಿಂದುವಿಗೆ ಮೂರು ಚಲನೆ, ಮೂರು ತಿರುವು, ಒಟ್ಟು ಆರು ಗತಿಗಳು. ಘನಾಂಶದ ಬಿಂದುವಿಗೆ ಮೂರು ಚಲನೆಗಳು ಮಾತ್ರ. ಇವೆರಡನ್ನು ಒಂದೇ ಬಿಂದುವಿನಲ್ಲಿ ಸೇರಿಸಿದರೆ ತಿರುವು ದಾಟದೆ, ಸಂಧಿಯು ಕೀಲಿನಂತೆ ಆಗುವುದು. ಇದರ ಪರಿಹಾರಕ್ಕಾಗಿ ತೊಲೆಯ ತುದಿಯನ್ನು ಘನದ ಮುಖದ ಅನೇಕ ಬಿಂದುಗಳಿಗೆ ಕಟ್ಟುವರು. ಬಾಗದ ಕಡ್ಡಿಗಳಿಂದ ಕಟ್ಟಿದರೆ ಮುಖವು ಅತಿಯಾಗಿ ಬಿಗಿಯಾಗುವುದು. ಬಲವನ್ನು ಹಂಚುವ ಸಮೀಕರಣಗಳಿಂದ ಕಟ್ಟಿದರೆ ಮುಖಕ್ಕೆ ಸಹಜವಾಗಿ ಬಾಗಲು ಅವಕಾಶ ಉಳಿಯುವುದು.

ಈ ಪರಿಹಾರವನ್ನು ನಮ್ಮ ಮಂಟಪಗಳಿಗೆ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ. ಗಾರೆಯಿಲ್ಲದೆ ಕುಳಿತ ಕಲ್ಲು ಒತ್ತಡವನ್ನು ಸಾಗಿಸುವುದೇ ಹೊರತು ಎಳೆತವನ್ನು ಸಾಗಿಸದು. ಮೇಲಿನ ಭಾರವು ಅದುಮಿರುವಷ್ಟು ಮಟ್ಟಿಗೆ ತಿರುವನ್ನು ತಡೆದು, ಬಳಿಕ ಅಂಚಿನಲ್ಲಿ ಬಾಯಿಬಿಡುವುದು. ತುದಿಗಳು ಬಿಗಿಯಾಗಿವೆಯೆಂದು ಗಣಿಸಿದರೆ ತೊಲೆಯ ನಡುವಣ ಬಾಗುಬಲವು, ಸುಮ್ಮನೆ ಕುಳಿತ ತೊಲೆಯಲ್ಲಿರುವುದರ ಮೂರರಲ್ಲೊಂದು ಪಾಲೆಂದು ಬರುವುದು. ಎಳೆತದಲ್ಲಿ ದುರ್ಬಲವಾದ ಕಲ್ಲಿಗೆ ಈ ಭೇದವು ಅಲ್ಪವಲ್ಲ. ಅಡಿಯಲ್ಲಿ ಬಿರುಕುಬಿಡಲಿರುವ ತೊಲೆಯನ್ನು ಯಂತ್ರವು ಕ್ಷೇಮವೆಂದು ಹೇಳೀತು.

ಆದುದರಿಂದ ಜೀರ್ಣೋದ್ಧಾರಕ್ಕೆ ತೊಡಗುವವರು ಮೊದಲು ಸಂಧಿಯನ್ನು ಕಣ್ಣಾರೆ ನೋಡಿ, ಕಲ್ಲಿಗೆ ಕಲ್ಲು ಎಲ್ಲಿ ತಾಗಿದೆಯೆಂಬುದನ್ನು ಅಳೆದು, ಅನಂತರ ಗಣನೆಗೆ ಕುಳಿತುಕೊಳ್ಳತಕ್ಕದ್ದು. ಶಿಲ್ಪಿಯು ಬೋದಿಗೆಯನ್ನಿಟ್ಟ ಜಾಗದಲ್ಲಿಯೇ ಗಣಿತಜ್ಞನೂ ಎಚ್ಚರವಹಿಸಬೇಕಾಗಿದೆಯೆಂಬುದು ಈ ವಿಮರ್ಶೆಯಿಂದ ಸಿದ್ಧವಾಗುವುದು.